ದೋಣಿಗೆ ಮುಂಚಿನ ತೂಕ

೨೦೨೫ರ ಫೆಬ್ರವರಿ ಇಪ್ಪತ್ತೆರಡು, ಶನಿವಾರ, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಅವನು ಬಚ್ಚಲುಮನೆಯ ಬಾಗಿಲ ಪಕ್ಕದ ತೂಕದ ಯಂತ್ರದ ಮೇಲೆ ನಿಂತಿದ್ದ. ಅದರ ಮುಳ್ಳು ಅರವತ್ತೈದನ್ನು ಮುಟ್ಟಿತ್ತು. ಮುಟ್ಟಲೇಬೇಕಿತ್ತು, ಮುಟ್ಟುವಂತೆ ಅವನೇ ಮಾಡಿದ್ದ. ಆದರೂ ಮುಳ್ಳು ಒಮ್ಮೆ ಮುಂದೆ ಹೋಗಿ, ಹಿಂದೆ ಬಂದು, ಆ ಗೆರೆಯ ಮೇಲೆ ನಿದ್ದೆಗೆ ಜಾರುವವನ ತಲೆಯಂತೆ ಮೆಲ್ಲಗೆ ನಿಂತಾಗ ಅವನಿಗೆ ನಿಜವಾದ ಸಂತೋಷವೇ ಆಯಿತು. ತಾನೇ ಕಟ್ಟಿದ ಸುಳ್ಳಿಗೆ ತಾನೇ ಹಿಗ್ಗುವುದು ಹೇಗೆ ಸಾಧ್ಯ ಎಂದು ಅವನು ಅಲ್ಲೇ ನಿಂತು ಯೋಚಿಸಿದ. ಹಿಗ್ಗು ಮಾತ್ರ ಯೋಚನೆಗೆ ಕಾಯದೆ ಕಿವಿಯ ತನಕ ಹೋಗಿತ್ತು. ಬೆನ್ನ ಹಿಂದೆ ಹೆಂಡತಿ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ, ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು. ಅವಳು ದಂತವೈದ್ಯೆ. ಊರಿನವರ ಹಲ್ಲಿಗೆಲ್ಲ ಬುದ್ಧಿ ಹೇಳುವವಳಾದ್ದರಿಂದ ತನ್ನ ಹಲ್ಲನ್ನು ಗಡಿಯಾರ ನೋಡಿಕೊಂಡೇ ಉಜ್ಜುತ್ತಿದ್ದಳು. ಇವತ್ತು ನಡುವೆಯೇ ಬ್ರಷ್ ತೆಗೆದು, "ಅಯ್ಯೋ, ಮುಟ್ಟೇ ಬಿಟ್ರಲ್ಲ!" ಎಂದಳು. ಅವಳ ಧ್ವನಿಯಲ್ಲಿ ಸಂತೋಷದ ಜೊತೆ ಇನ್ನೇನೋ ಇತ್ತು. ನೊರೆ ಇರಬೇಕು ಅಂದುಕೊಂಡ.

ಕರಾರು ಅವಳದ್ದೇ. ಹಿಂದಿನ ವರ್ಷದ ಉದ್ದನೆಯ ಜ್ವರ ಅವನ ಮೈಯಿಂದ ಹದಿನೈದು ಕಿಲೋ ಇಳಿಸಿತ್ತು. ಅಂಗಿಯ ಕಾಲರಿನಲ್ಲಿ ಕತ್ತು, ಗಂಟೆಯೊಳಗಿನ ನಾಲಗೆಯ ಹಾಗೆ, ಎಲ್ಲೂ ತಾಗದೆ ಆಡುತ್ತಿತ್ತು. ನದಿಗೆ ಹೋಗೋಣ, ಇಬ್ಬರು ಕೂರುವ ಹುಟ್ಟುದೋಣಿ ಬಾಡಿಗೆಗೆ ಸಿಗುತ್ತೆ, ಮೇಲಿನ ಸೇತುವೆಯಿಂದ ಕೆಳಗಿನ ಮರಳುದಂಡೆಯ ತನಕ ಬರೀ ಅರ್ಧ ದಿನದ ದಾರಿ ಎಂದು ಅವನು ಹೇಳಿದಾಗಲೆಲ್ಲ ಅವಳು, "ಅರವತ್ತೈದು ಮುಟ್ಟಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು. ಅವನು ಹಾಲು ಕುಡಿದ, ಮೊಟ್ಟೆ ತಿಂದ, ಬೆಣ್ಣೆ ಮೆತ್ತಿದ ಬ್ರೆಡ್ಡನ್ನು ಔಷಧಿಯ ಹಾಗೆ ಗಂಟೆಗಂಟೆಗೆ ನುಂಗಿದ. ಮುಳ್ಳು ಒಂದು ಹಂತಕ್ಕೆ ಬಂದು, ಇನ್ನು ಬೇಕಾದರೆ ನೀನೇ ತಳ್ಳಿಕೋ ಎಂಬಂತೆ ನಿಂತುಬಿಟ್ಟಿತು. ಮೂರು ವಾರದ ಹಿಂದೆ, ಹೆಂಡತಿ ಕ್ಲಿನಿಕ್ಕಿನಲ್ಲಿದ್ದ ಒಂದು ಮಧ್ಯಾಹ್ನ, ಅವನು ಯಂತ್ರವನ್ನು ಬೋರಲು ಹಾಕಿ ಅದರ ತಳದ ನಾಲ್ಕು ತಿರುಪು ಬಿಚ್ಚಿದ.

ಬೇರೆ ಯಾರಾದರೂ ಆಗಿದ್ದರೆ ಮುಳ್ಳನ್ನು ಸೊನ್ನೆಗೆ ತರುವ ಚಕ್ರ ಒಂದಿಷ್ಟು ಸರಿಸಿ ಸುಮ್ಮನಾಗುತ್ತಿದ್ದರು. ಅವನು ತೂಕ ಮತ್ತು ಅಳತೆ ಇಲಾಖೆಯ ಪರೀಕ್ಷಕ. ಇಪ್ಪತ್ತು ವರ್ಷ ಅಂಗಡಿಯವರ ತಕ್ಕಡಿಗಳ ಹೊಟ್ಟೆಯೊಳಗೆ ಕೈ ಹಾಕಿದವನು. ಚಕ್ರ ಸರಿಸುವ ಕಳ್ಳರನ್ನು ಅವನು ಕಳ್ಳರೆಂದೇ ಎಣಿಸುತ್ತಿರಲಿಲ್ಲ, ಎಳೆಯರು ಎನ್ನುತ್ತಿದ್ದ. ಬರಿದಾಗಿದ್ದಾಗ ಮುಳ್ಳು ಸೊನ್ನೆಯಿಂದ ಕದಲಿದ್ದರೆ ಯಾರಿಗೂ ಕಾಣುತ್ತದೆ. ನಿಜವಾದ ಕಸುಬುದಾರ ಸೊನ್ನೆಯನ್ನು ಮುಟ್ಟುವುದಿಲ್ಲ. ಹೊರೆಯನ್ನು ಸ್ಪ್ರಿಂಗಿಗೆ ದಾಟಿಸುವ ಒಳಗಿನ ಸನ್ನೆಪಟ್ಟಿಯಲ್ಲಿ ಅದರ ಕೊಕ್ಕೆ ಸಿಕ್ಕಿಸಲು ಎರಡು ತೂತುಗಳಿರುತ್ತವೆ. ಕೊಕ್ಕೆಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿದರೆ ಸಾಕು. ಬರಿದಾಗಿರುವಾಗ ಯಂತ್ರ ಸತ್ಯವನ್ನೇ ಹೇಳುತ್ತದೆ, ಹೊರೆ ಬಿದ್ದಾಗ ಮಾತ್ರ ಸುಳ್ಳು ಹೇಳುತ್ತದೆ; ಹೊರೆ ಹೆಚ್ಚಿದಷ್ಟೂ ಸುಳ್ಳು ಹೆಚ್ಚು. ಇದನ್ನು ಅವನಿಗೆ ಕಲಿಸಿದವನು ಹಳೆ ಕಬ್ಬಿಣದ ಒಬ್ಬ ವ್ಯಾಪಾರಿ. ದಂಡ ಹಾಕಿಸಿಕೊಂಡ ಮೇಲೂ, "ಸಾಹೇಬ್ರೇ, ಕೆಲ್ಸ ಹೇಗಿದೆ ಹೇಳಿ?" ಎಂದು ಕೇಳಿದ್ದ. ಅವತ್ತು ಸಾಹೇಬನಾಗಿ ಅವನು ಮುಖ ಗಂಟಿಕ್ಕಿಕೊಂಡಿದ್ದ. ಈಗ, ತಿರುಪು ಬಿಗಿಯುವಾಗ, ಚೆನ್ನಾಗಿದೆ ಕಣಯ್ಯಾ ಎಂದು ಮನಸ್ಸಿನಲ್ಲೇ ಉತ್ತರ ಹೇಳಿದ.

ನದಿಯನ್ನು ಅವನು ನೋಡಿದ್ದು ಒಂದೇ ಸಲ, ಜ್ವರಕ್ಕೂ ಮೊದಲು, ಲಾರಿ ತೂಗುವ ಕಟ್ಟೆಯೊಂದನ್ನು ಪರೀಕ್ಷಿಸಲು ಹೋಗಿದ್ದಾಗ. ಕೆಲಸ ಮುಗಿಸಿ ಸೇತುವೆಯ ಮೇಲೆ ನಿಂತಿದ್ದ. ಎರಡು ಬಂಡೆಗೋಡೆಗಳ ನಡುವೆ ನೀರು ಹಸಿರಾಗಿ, ಯಾರೋ ಕರೆದ ಹಾಗೆ ಅವಸರದಲ್ಲಿ ಓಡುತ್ತಿತ್ತು; ಕಲ್ಲು ಸಿಕ್ಕಲ್ಲಿ ಬೆಳ್ಳಗಾಗಿ, ದಾಟಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹಸಿರಾಗುತ್ತಿತ್ತು. ತಿರುವಿನಲ್ಲಿ ಒಂದು ಕೆಂಪು ದೋಣಿ ಕಾಣಿಸಿತು. ಅದರಲ್ಲಿ ಅವನಿಗಿಂತ ವಯಸ್ಸಾದ ಇಬ್ಬರು, ಗಂಡಹೆಂಡತಿಯೇ ಇರಬೇಕು, ಯಾಕೆಂದರೆ ಜೋರಾಗಿ ಜಗಳವಾಡುತ್ತಿದ್ದರು. ಎಡಕ್ಕೆ, ಎಡಕ್ಕೆ ಎಂದು ಒಬ್ಬರು, ಇದೇ ಎಡ ಎಂದು ಇನ್ನೊಬ್ಬರು. ಸೇತುವೆಯ ಕೆಳಗೆ ಬರುವಷ್ಟರಲ್ಲಿ ಇಬ್ಬರೂ ನಗುತ್ತಿದ್ದರು. ಆಸ್ಪತ್ರೆಯ ಮಂಚದ ಮೇಲೆ, ಚಾವಣಿಯ ಪಂಖ ತಿರುಗುವುದನ್ನು ನೋಡುತ್ತ ಮಲಗಿದ್ದಾಗ, ಅವನು ಆ ದೋಣಿಯನ್ನು ಎಷ್ಟೋ ಸಲ ತಿರುವಿನಿಂದ ಸೇತುವೆಯ ತನಕ ತಂದಿದ್ದ. ಒಮ್ಮೆಯೂ ಸೇತುವೆ ದಾಟಿಸಲು ಆಗಿರಲಿಲ್ಲ. ಅಷ್ಟರಲ್ಲಿ ಯಾರಾದರೂ ಬಂದು ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಿದ್ದರು. ಮನೆಗೆ ಬಂದ ಮೇಲೂ ಎಲ್ಲರೂ ಅವನೊಡನೆ ತೊಟ್ಟಿಲ ಪಕ್ಕ ನಿಂತವರ ದನಿಯಲ್ಲೇ ಮಾತಾಡುತ್ತಿದ್ದರು. ಕಚೇರಿಯಲ್ಲಿ ತಕ್ಕಡಿ ಪರೀಕ್ಷಿಸುವ ಐದು ಕಿಲೋದ ತೂಕದ ಬಟ್ಟನ್ನು ಅವನ ಕೈಯಿಂದ ಜವಾನ ಕಸಿದುಕೊಳ್ಳುತ್ತಿದ್ದ. ಹೆಂಡತಿ ಸೇಬನ್ನು ಹೆಚ್ಚಿ, ಬೀಜ ತೆಗೆದು, ತಟ್ಟೆಯಲ್ಲಿಟ್ಟು ಕೊಡುತ್ತಿದ್ದಳು. ಹಲ್ಲಿನ ಡಾಕ್ಟರಮ್ಮನ ಗಂಡನಿಗೆ ಹಲ್ಲೇ ಇಲ್ಲವೆಂಬಂತೆ. ನದಿಗೆ ಹೋಗಿ ಬಂದರೆ ಆ ತಟ್ಟೆ ನಿಲ್ಲುತ್ತದೆ, ತಾನು ರೋಗಿಯಾಗಿರುವುದು ಮುಗಿಯುತ್ತದೆ ಎಂದು ಅವನಿಗೆ ಅದು ಹೇಗೋ ಖಚಿತವಾಗಿತ್ತು. ನಾಳೆ ಭಾನುವಾರ. ನಾಳೆ ಹೋಗದಿದ್ದರೆ ಬೇಸಿಗೆಗೆ ನೀರು ಇಳಿದು, ದೋಣಿಯವನು ಅಂಗಡಿ ಮುಚ್ಚುತ್ತಾನೆ.

"ಭಾವ, ಕಂಗ್ರಾಚುಲೇಷನ್ಸ್! ಅಕ್ಕ ಫೋನ್ ಮಾಡಿ ಹೇಳಿದ್ಲು, ನೀವು ಪಾಸಾದ್ರಂತೆ," ಎಂದುಕೊಂಡೇ ಹೆಂಡತಿಯ ತಮ್ಮ ಒಳಗೆ ಬಂದ. ಸಾಮಾನು ಸಾಗಿಸುವ ವ್ಯಾನು ಓಡಿಸುವ ಅವನ ಕೈಯಲ್ಲಿ ಕೀಲಿಗೊಂಚಲು ಸದಾ ಗಿಲಕಿಯ ಹಾಗೆ ಆಡುತ್ತಿರುತ್ತದೆ. ನಾಳೆ ಅವರನ್ನು ಮೇಲಿನ ಸೇತುವೆಯಲ್ಲಿ ಇಳಿಸಿ, ಕೆಳಗಿನ ಮರಳುದಂಡೆಯಲ್ಲಿ ಕಾಯುವುದು ಅವನ ಕೆಲಸ. ಊಟದ ಮೇಜಿನ ಮೇಲೆ ನಕ್ಷೆ ಹರಡಿತ್ತು. ಭಾವ ಅದರಲ್ಲಿ ಪೆನ್ಸಿಲ್ಲಿನಿಂದ ಕಲ್ಲಿನ ಜಾಗಗಳಿಗೆ ಗುರುತು ಹಾಕಿದ್ದ, ತಿರುವುಗಳಿಗೆ ಸಂಖ್ಯೆ ಕೊಟ್ಟಿದ್ದ. ಭಾವಮೈದ ಅದನ್ನು ತಲೆಕೆಳಗಾಗಿ ತಿರುಗಿಸಿ ನೋಡಿ, "ಇದೇನು ನದೀನಾ, ಅಕ್ಕನ ಕ್ಲಿನಿಕ್ಕಿಗೆ ಬಂದ ಯಾರದ್ದಾದ್ರೂ ದವಡೇನಾ?" ಎಂದ. "ನದಿಗೆ ಹುಳುಕಿಲ್ಲ ಕಣೋ," ಎಂದು ಹೆಂಡತಿ ನಕ್ಕಳು. ನಕ್ಕಿದ್ದು ಸ್ವಲ್ಪ ಹೆಚ್ಚಾಯಿತು ಎಂದು ಗಂಡನಿಗೆ ಅನ್ನಿಸಿತು. ಬೆಳಗಿನಿಂದ ಅವಳು ಎಲ್ಲದಕ್ಕೂ ಸ್ವಲ್ಪ ಹೆಚ್ಚೇ ನಗುತ್ತಿದ್ದಳು.

ದೋಣಿಯವನಿಗೆ ಫೋನ್ ಮಾಡಿ ಮೇಜಿನ ಮೇಲಿಟ್ಟರು. ಆ ಮನುಷ್ಯ ನದಿಯ ಸದ್ದಿನ ಮೇಲೆ ಕೂಗಿ ಕೂಗಿ ಅಭ್ಯಾಸವಾದವನು. ಫೋನಿನಲ್ಲೂ ಆಚೆ ದಡಕ್ಕೆ ಕೇಳುವ ಹಾಗೆ ಮಾತಾಡುತ್ತಿದ್ದ. "ನೀರು ಚೆನ್ನಾಗಿದೆ ಸಾರ್, ಜೋರಾಗೇ ಇದೆ! ಇಬ್ಬರ ತೂಕ ಹೇಳಿ. ಭಾರ ಇರೋರು ಹಿಂದೆ, ಹಗುರ ಇರೋರು ಮುಂದೆ. ಹಿಂದೆ ಕೂತವರ ಕೈಯಲ್ಲೇ ದೋಣಿ ತಿರುಗೋದು, ತಿಳೀತಾ? ಲೈಫ್ ಜಾಕೆಟ್ಟು ಎಪ್ಪತ್ತು ಕಿಲೋ ತನಕ ಮೀಡಿಯಂ, ಅದರ ಮೇಲೆ ಲಾರ್ಜು. ಸುಮ್ನೆ ಅಂದಾಜು ಹೇಳ್ಬೇಡಿ ಸಾರ್. ಜಾಕೆಟ್ ಸಡಿಲ ಆದ್ರೆ ಬಿದ್ದಾಗ ಅದು ಮೇಲೆ ಬರುತ್ತೆ, ಮನುಷ್ಯ ಕೆಳಗೆ ಹೋಗ್ತಾನೆ!"

"ಇವರದ್ದು ಅರವತ್ತೈದು, ಇವತ್ತೇ ನೋಡಿದ್ದು," ಎಂದಳು ಹೆಂಡತಿ, ಮಗನ ಅಂಕ ಹೇಳುವ ತಾಯಿಯ ಹಾಗೆ. "ನನ್ನದು... ಒಂದು ನಿಮಿಷ ಇರಿ." ಅವಳು ಚಪ್ಪಲಿ ಬಿಟ್ಟು ಯಂತ್ರದ ಮೇಲೆ ಹತ್ತಿದಳು. ತಲೆ ತಗ್ಗಿಸಿ ನೋಡಿದಳು. ಒಮ್ಮೆ ಇಳಿದು, ಕಿವಿಯ ಓಲೆಗಳನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಮತ್ತೆ ಹತ್ತಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, "ಎಪ್ಪತ್ತೊಂದು," ಎಂದಳು. "ಲಾರ್ಜು!" ಎಂದು ಫೋನು ಮನೆಯಿಡೀ ಕೇಳುವ ಹಾಗೆ ಕೂಗಿತು.

ಆ ಓಲೆಗಳನ್ನು ನೋಡುತ್ತ ಅವನು ಕುಳಿತ ಜಾಗದಲ್ಲೇ ಕುಗ್ಗಿದ. ಅವು ಕಡಲೆಕಾಳಿನಷ್ಟೂ ಇರಲಿಲ್ಲ. ಅವಳೂ ಈ ಯಂತ್ರದ ಮೇಲೆ ನಿಲ್ಲುತ್ತಾಳೆ ಎಂಬುದು ಅವನಿಗೆ ಮೂರು ವಾರದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಒಂದು ತಕ್ಕಡಿ ಕೆಟ್ಟರೆ ಅದರ ಮೇಲೆ ಬಂದುಹೋಗುವ ಎಲ್ಲರೂ ಮೋಸಹೋಗುತ್ತಾರೆ ಎಂದು ಪ್ರತಿ ವರ್ಷ ತರಬೇತಿಗೆ ಬರುವ ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನೇ. ಪಾಠ ಹೇಳುವಾಗ ಕಪ್ಪು ಹಲಗೆಯ ಕಡೆ ತಿರುಗಿದ್ದ, ಮನೆಯ ಕಡೆ ಅಲ್ಲ. ಈಗ ಒಂದೊಂದೇ ನೆನಪಿಗೆ ಬಂದಿತು. ಸಂಜೆ ಚಹಾದ ಜೊತೆ ಅವಳು ತಿನ್ನುತ್ತಿದ್ದ ಬ್ರೆಡ್ಡು ನಿಂತದ್ದು. ಕೇಳಿದಾಗ, "ಹಸಿವಿಲ್ಲ" ಎಂದದ್ದು. ಸಕ್ಕರೆಯ ಡಬ್ಬಿ ಮೇಲಿನ ಕಪಾಟಿಗೆ ಹೋದದ್ದು. ಕ್ಲಿನಿಕ್ಕಿನಲ್ಲಿ ಲಿಫ್ಟ್ ಕೆಟ್ಟಿದೆಯಾ ಎಂದು ಒಂದು ದಿನ ಅವನು ಕೇಳಿದ್ದ, ಅವಳು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳಲ್ಲ. ಅವನ ಮುಂದೆ ಬೆಣ್ಣೆಯ ತಟ್ಟೆ ಇಟ್ಟು ತಾನು ಎದುರಿಗೆ ಸೌತೆಕಾಯಿ ಕಚ್ಚುತ್ತ ಕೂರುತ್ತಿದ್ದವಳು, ಪಾಪ, ಅವನ ಮುಳ್ಳು ಏರಲಿ, ತನ್ನದು ಇಳಿಯಲಿ ಎಂದು ಒಂದೇ ಯಂತ್ರವನ್ನು ನಂಬಿದ್ದಳು. ಆ ಯಂತ್ರ ಇಬ್ಬರ ಹೊರೆಯ ಮೇಲೂ ತನ್ನ ಪಾಲನ್ನು ಹಾಕುತ್ತಿತ್ತು. ಅವನ ಮನಸ್ಸು ತನ್ನ ಅಭ್ಯಾಸದಂತೆ ಲೆಕ್ಕಕ್ಕೆ ಇಳಿಯಿತು: ಅವಳ ನಿಜವಾದ ತೂಕ ಅರವತ್ತೇಳು. ಭಾರದವರು ಯಾರು, ಹಗುರದವರು ಯಾರು ಎಂಬುದು ಬದಲಾಗುವುದಿಲ್ಲ. ಆದ್ದರಿಂದ ಕೂರುವ ಜಾಗದ ಮಟ್ಟಿಗೆ ಯಾರಿಗೂ ಮೋಸವಾಗಿಲ್ಲ. ಈ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಜಾಕೆಟ್ಟು ಉಳಿಯಿತು. ಹಸಿರು ನೀರಿನ ಮೇಲೆ ಒಂದು ದೊಡ್ಡ ಕಿತ್ತಳೆ ಬಣ್ಣದ ಜಾಕೆಟ್ ಒಂದೇ, ಒಳಗೆ ಯಾರೂ ಇಲ್ಲದೆ, ಸೇತುವೆ ದಾಟಿಹೋಗುವುದು ಅವನಿಗೆ ಕಂಡಿತು.

ಅಕ್ಕ ತಮ್ಮ ಇಬ್ಬರೂ ಹಗ್ಗ ಮತ್ತು ನೀರು ಹೋಗದ ಚೀಲ ತರಲು ಹೊರಟರು. ವ್ಯಾನಿನ ಸದ್ದು ತಿರುವು ದಾಟುವುದನ್ನೇ ಕಾದು, ಅವನು ದೋಣಿಯವನಿಗೆ ಮತ್ತೆ ಫೋನ್ ಮಾಡಿದ. ಧ್ವನಿ ತಗ್ಗಿಸಿ, ಮನೆಯಲ್ಲಿ ಯಾರೂ ಇಲ್ಲದಿದ್ದರೂ, "ನೋಡಿ, ನಮ್ಮ ಮನೆಯವರದ್ದು ಎಪ್ಪತ್ತೊಂದಲ್ಲ, ಅರವತ್ತೇಳು. ಮೀಡಿಯಂ ಇಡಿ," ಎಂದ.

"ಯಾರು ಸಾರ್ ತೂಗಿದ್ದು?"

"ತೂಗಿಲ್ಲ. ನನಗೆ ಗೊತ್ತು."

ದೋಣಿಯವನು, "ಸಾರ್, ತಮ್ಮ ತೂಕ ಕಮ್ಮಿ ಹೇಳೋ ಹೆಂಗಸರನ್ನ ನೋಡಿದ್ದೀನಿ. ಹೆಂಡ್ತಿ ತೂಕ ಗುಟ್ಟಾಗಿ ಕಮ್ಮಿ ಮಾಡಿಸೋ ಗಂಡನ್ನ ಇದೇ ಮೊದ್ಲು ನೋಡ್ತಿರೋದು. ಪ್ರೀತಿ ಇರ್ಲಿ ಸಾರ್, ಬೇಡ ಅನ್ನಲ್ಲ. ಆದ್ರೆ ಅಮ್ಮ ಯಂತ್ರ ಹತ್ತಿ ಹೇಳಿದ್ದಾರೆ, ನೀವು ಕುರ್ಚೀಲಿ ಕೂತು ಹೇಳ್ತಿದ್ದೀರಿ. ನಾನು ಯಂತ್ರನ್ನೇ ನಂಬೋನು," ಎಂದು ಫೋನ್ ಇಟ್ಟ. ಇಪ್ಪತ್ತು ವರ್ಷ ಅವನು ಅಂಗಡಿಯವರಿಗೆ ಹೇಳಿಕೊಂಡು ಬಂದ ಮಾತು ಹೆಚ್ಚುಕಡಿಮೆ ಇದೇ. ಎದುರುಗಡೆಯಿಂದ ಕೇಳಿದಾಗ ಅದು ಎಷ್ಟು ಒರಟಾಗಿರುತ್ತದೆ ಎಂದು ಅವನಿಗೆ ಆಶ್ಚರ್ಯವಾಯಿತು.

ಉಳಿದದ್ದು ಒಂದೇ ದಾರಿ, ಅದು ಸುಲಭವೂ ಆಗಿತ್ತು. ಕೊಕ್ಕೆಯನ್ನು ಹಳೆಯ ತೂತಿಗೆ ಹಾಕುವುದು. ಅವಳು ಬಂದ ಮೇಲೆ, ಯಾಕೋ ಅನುಮಾನ, ಇನ್ನೊಮ್ಮೆ ನಿಂತು ನೋಡು ಎನ್ನುವುದು. ಅವಳಿಗೆ ಅರವತ್ತೇಳು ಬಂದರೆ ಸಂತೋಷದಲ್ಲಿ ಕಾರಣ ಕೇಳುವುದಿಲ್ಲ. ಅವನ ತೂಕ ನೋಡುವುದಂತೂ ಮುಗಿದಿದೆ, ಅವನನ್ನು ಮತ್ತೆ ಯಾರೂ ಹತ್ತಿಸುವುದಿಲ್ಲ. ಒಂದು ತಪ್ಪನ್ನು ಅರ್ಧಕ್ಕೆ ಸರಿಪಡಿಸಿ ಇನ್ನರ್ಧವನ್ನು ಉಳಿಸಿಕೊಳ್ಳುವ ಈ ಉಪಾಯದ ಅಚ್ಚುಕಟ್ಟು ಅವನಿಗೆ ಮೆಚ್ಚುಗೆಯಾಯಿತು ಕೂಡ. ಯಂತ್ರವನ್ನು ನಕ್ಷೆಯ ಮೇಲೆಯೇ ಬೋರಲು ಹಾಕಿ ತಿರುಪು ಬಿಚ್ಚಿದ. ಮೂರು ಬಂದವು. ನಾಲ್ಕನೆಯದು ಬಂದು, ಮೇಜಿನಿಂದ ಉರುಳಿ, ಕಪಾಟಿನ ಕೆಳಗೆ ಹೋಯಿತು. ಅವನು ನೆಲಕ್ಕೆ ಕೆನ್ನೆ ಒತ್ತಿ ಅಡಿಗೋಲನ್ನು ಒಳಗೆ ತೂರಿಸಿ ಆಡಿಸಿದ. ಧೂಳು, ಒಂದು ಗುಂಡಿ, ಎಂದೋ ಕಳೆದುಹೋಗಿದ್ದ ಮಾತ್ರೆಯ ಹಾಳೆ ಬಂದವು, ತಿರುಪು ಬರಲಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ಮಂಚದಿಂದ ಬಿದ್ದು ಹೀಗೇ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದ. ಆಗ ಬಾಗಿಲ ಕೆಳಗಿನ ಸಂದಿನಲ್ಲಿ ಹೆಂಡತಿಯ ಚಪ್ಪಲಿ ಕಂಡಿತ್ತು. ಈಗಲೂ ಕಂಡಿತು.

"ಪರ್ಸ್ ಮರೆತು ಬಂದೆ," ಎಂದಿತು ಚಪ್ಪಲಿಯ ಮೇಲಿನ ಧ್ವನಿ. ಅದರ ಹಿಂದೆ ಕೀಲಿಗೊಂಚಲಿನ ಸದ್ದು. ಭಾವಮೈದ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಯಂತ್ರವನ್ನೂ ನೆಲದ ಮೇಲಿನ ಭಾವನನ್ನೂ ಒಂದೊಂದು ಸಲ ನೋಡಿ, "ಭಾವ, ಆಪರೇಷನ್ ಯಾರಿಗೆ?" ಎಂದ.

ಅವನು ಎದ್ದು ಮೊಣಕಾಲಿನ ಧೂಳು ಒರಸಿಕೊಂಡ. ಶಾಲೆಯ ಹುಡುಗನಂತೆ ಕೈಯಲ್ಲಿ ಅಡಿಗೋಲು ಇತ್ತು. ಹೆಂಡತಿ ಮೇಜಿನ ಮೇಲೆ ಬಗ್ಗಿ, ಬಾಯಿ ತೆರೆದ ಪೇಷಂಟನ್ನು ನೋಡುವ ಹಾಗೆ, ಯಂತ್ರದೊಳಗೆ ನೋಡಿದಳು. ಸನ್ನೆಪಟ್ಟಿಯ ಒಂದು ತೂತಿನ ಸುತ್ತ ಹಳೆಯ ಸವೆತದ ಹೊಳಪಿತ್ತು, ಅದು ಖಾಲಿಯಿತ್ತು. ಕೊಕ್ಕೆ ಹೊಸ ತೂತಿನಲ್ಲಿ ಕೂತಿತ್ತು. "ಇಲ್ಲಿಂದ ಇಲ್ಲಿಗೆ ಬಂದಿದೆ," ಎಂದಳು ನಿಧಾನವಾಗಿ. "ಯಾವಾಗ?"

"ಮೂರು ವಾರ ಆಯ್ತು."

"ಎಷ್ಟು ಹೆಚ್ಚು ತೋರಿಸುತ್ತೆ?"

"ನಿನಗೆ ನಾಲ್ಕು ಕಿಲೋ."

ಅವಳು ಕುರ್ಚಿ ಎಳೆದು ಕೂತಳು. ಅವನು ಸಿಡಿಲಿಗೆ ಕಾದ. ತನ್ನ ಆರೋಗ್ಯ, ಡಾಕ್ಟರ ಮಾತು, ನಂಬಿಕೆ, ಇಲಾಖೆಯ ಮಾನ, ಎಲ್ಲಕ್ಕೂ ಒಂದೊಂದು ಉತ್ತರ ಮನಸ್ಸಿನಲ್ಲಿ ಸಾಲಾಗಿ ನಿಂತಿತ್ತು. ಅವಳು ಕೇಳಿದ್ದು ಬೇರೆ. "ಮೂರು ವಾರ ನಾನು ಸೌತೆಕಾಯಿ ತಿಂದಿದ್ದು?"

ಅವನು ಅಡಿಗೋಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ನೀವು ಎದುರಿಗೆ ಕೂತು ಬೆಣ್ಣೆ ಸವರ್ಕೊಂಡು ತಿಂತಿದ್ರಿ! ದೇವ್ರೇ, ದಿನಾ ಎರಡು ಹೊತ್ತು ಉಜ್ತೀನಿ ಅಂತ ಸುಳ್ಳು ಹೇಳೋರ ಬಾಯಲ್ಲಿ ಕೈ ಹಾಕೋದೇ ನನ್ನ ಕೆಲ್ಸ, ಮನೆಯಲ್ಲಿರೋ ಸುಳ್ಳು ಕಣ್ಣಿಗೆ ಬೀಳ್ಲಿಲ್ವಲ್ಲ!"

"ಅಕ್ಕ, ಅಂಗಡಿಯವನು ಹೀಗೆ ಮಾಡಿದ್ದಿದ್ರೆ ಭಾವನೇ ಅವನನ್ನ ಹಿಡ್ಕೊಂಡು ಹೋಗಿರೋರು," ಎಂದ ತಮ್ಮ.

"ನೀನು ಬಾಯಿ ಮುಚ್ಚು," ಎಂದರು ಇಬ್ಬರೂ ಒಟ್ಟಿಗೆ. ಒಟ್ಟಿಗೆ ಅಂದದ್ದಕ್ಕೆ ಅವಳಿಗೆ ನಗು ಬಂತು. ಬಂದದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. "ನದಿಗೆ ಹೋಗ್ಬೇಕು ಅಂತ ಹೀಗೆ ಮಾಡ್ಬೇಕಿತ್ತೇನ್ರೀ? ಬಾಯಿ ಬಿಟ್ಟು ಹೇಳೋಕಾಗಿರ್ಲಿಲ್ವಾ?"

"ಎಷ್ಟು ಸಲ ಹೇಳಿದೆ. ನೀನು ಅರವತ್ತೈದು ಅಂದೆ."

ಅವಳು ಬಿಚ್ಚಿದ ತಿರುಪುಗಳನ್ನು ಬೆರಳಿನಿಂದ ನಕ್ಷೆಯ ಮೇಲೆ ಸರಿಸುತ್ತ ಕೂತಳು. ಒಂದು ತಿರುಪು ಮೊದಲ ತಿರುವನ್ನು ದಾಟಿ ಎರಡನೆಯದಕ್ಕೆ ಹೋಯಿತು. ಆಮೇಲೆ, ತಿರುಪನ್ನೇ ನೋಡುತ್ತ ಹೇಳಿದಳು: "ಅರವತ್ತೈದು ಯಾಕೆ ಅಂದೆ ಗೊತ್ತಾ? ನಿಮ್ಮ ಡಾಕ್ಟ್ರನ್ನ ಕೇಳಿದ್ದೆ. ಈ ವರ್ಷ ಪೂರ್ತಿ ಆದ್ರೂ ಅರವತ್ತೈದು ಮುಟ್ಟಲ್ಲ ಅಂದ್ರು. ಅದಕ್ಕೇ ಅಂದೆ. ಇವತ್ತು ಬೆಳಿಗ್ಗೆ ಮುಳ್ಳು ನೋಡಿ ನನ್ನ ಎದೆ ಧಸಕ್ ಅಂತು."

ಅವನು ಅವಳ ಎದುರಿಗೆ ಕೂತ. ಬೆಳಗಿನ ಧ್ವನಿಯಲ್ಲಿದ್ದದ್ದು ನೊರೆಯಲ್ಲ. ತಾನು ಸ್ಪ್ರಿಂಗನ್ನು ಸರಿಸಿದ್ದರೆ ಅವಳು ಅದಕ್ಕೂ ಮೊದಲೇ ಗುರಿಯನ್ನು ಸರಿಸಿಟ್ಟಿದ್ದಳು. ಇಬ್ಬರೂ ಒಂದೇ ಮುಳ್ಳಿನ ಎರಡು ಕಡೆ ನಿಂತು ಒಬ್ಬರಿಗೊಬ್ಬರು ಕಾಣದಂತೆ ಎಳೆಯುತ್ತಿದ್ದರು. ಸಿಟ್ಟು ಬರಬೇಕಿತ್ತು. ಅದರ ಬದಲು, ಆ ಮನೆಯಲ್ಲಿ ತಾನೊಬ್ಬನೇ ಕಳ್ಳನಲ್ಲ ಎಂಬ ನಾಚಿಕೆಗೆಟ್ಟ ಹಗುರ ಅವನ ಮೈಯಲ್ಲೆಲ್ಲ ಹರಡಿತು. "ನೀರಿಗೆ ಹೆದರಿಕೆನಾ?" ಎಂದು ಕೇಳಿದ.

"ನೀರಿಗಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಾಗಿಲು ನೋಡೋದು ನನಗೆ ಸಾಕಾಗಿದೆ. ನಿಮಗೇನು, ನೀವು ಒಳಗೆ ಮಲಗಿದ್ರಿ. ಕಾಯೋದು ನನ್ನ ಕೆಲ್ಸ ಆಗಿತ್ತು. ನಿಮ್ಮ ಜೊತೆ ದೋಣೀಲಿ ಕೂತ್ರೂ ನಾನು ಬೆಂಚಿನ ಮೇಲೇ ಕೂತಿರ್ತೀನಿ ಅನ್ನಿಸ್ತು. ನೀವು ಹುಟ್ಟು ಹಾಕೋದು, ನಾನು ನೋಡ್ತಾ ಕೂರೋದು."

ಅವನು ಏನೋ ಹೇಳಲು ಬಾಯಿ ತೆರೆದ. ತೆರೆದಾಗ ಗೊತ್ತಾಯಿತು, ಮನಸ್ಸಿನಲ್ಲಿ ಎಷ್ಟೋ ಸಲ ಓಡಿಸಿದ ಆ ದೋಣಿಯಲ್ಲಿ ಹಿಂದೆ ಕೂತವನು ಯಾವಾಗಲೂ ತಾನೇ. ಮುಂದೆ ಒಂದು ಹೆಂಗಸಿನ ಬೆನ್ನಿತ್ತು. ಅದಕ್ಕೆ ಕೈಗಳೇ ಇರಲಿಲ್ಲ. "ಭಾರದವರು ಹಿಂದೆ ಅಂದನಲ್ಲ ದೋಣಿಯವನು," ಎಂದ ಅವನು, ತನ್ನ ಬಾಯಿಂದ ತಾನೇ ಕೇಳಿಸಿಕೊಳ್ಳುತ್ತ. "ಹಿಂದೆ ಕೂರೋದು ನೀನು. ತಿರುಗಿಸೋದೂ ನೀನೇ. ನಾನು ಮುಂದೆ ಕೂತು ಕಲ್ಲು ಎಲ್ಲಿದೆ ಅಂತ ಹೇಳ್ತೀನಿ ಅಷ್ಟೇ."

"ಇದ್ದ ಜಾಗದಲ್ಲೇ ಇದೆ ಅಂತ ಹೇಳ್ತೀರಾ? ಅಥವಾ ನಿಮಗೆ ಬೇಕಾದ ಕಡೆ ಸರಿಸ್ತೀರಾ?"

ತಮ್ಮ ಕೀಲಿಗೊಂಚಲನ್ನು ಬಾಯಿಗೆ ಒತ್ತಿಕೊಂಡು ನಗು ತಡೆದ. ಹೆಂಡತಿ ನಗಲಿಲ್ಲ. ಗಂಡನ ಮುಖವನ್ನು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಂತೆ, ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಡಿಗೆಮನೆಗೆ ಹೋಗಿ, ಎರಡು ತುಂಡು ಬ್ರೆಡ್ಡಿಗೆ ಗೋಡೆಗೆ ಗಾರೆ ಹಾಕಿದ ಹಾಗೆ ಬೆಣ್ಣೆ ಮೆತ್ತಿ ತಂದು, ನಿಂತುಕೊಂಡೇ ತಿಂದಳು. ಇಬ್ಬರು ಗಂಡಸರೂ ಅದನ್ನು ನೋಡಿದರು. "ಕೊಕ್ಕೆ ಸರಿ ಹಾಕಿ," ಎಂದಳು ಕೊನೆಗೆ, ಬೆರಳು ನೆಕ್ಕುತ್ತ. "ಎಲ್ಲರನ್ನೂ ಸರಿಯಾಗಿ ತೂಗೋಣ. ಆಮೇಲೆ ಆ ಕೂಗುಮಾರಿಗೆ ಫೋನ್ ಮಾಡೋಣ."

ಅವನು ಕೊಕ್ಕೆಯನ್ನು ಹೊಳೆಯುವ ತೂತಿಗೆ ಹಾಕಿದ. ಭಾವಮೈದ ಕಪಾಟನ್ನೇ ಎತ್ತಿ ಸರಿಸಿ ನಾಲ್ಕನೆಯ ತಿರುಪನ್ನು ಹೆಕ್ಕಿಕೊಟ್ಟ. "ಈಗ ಸರಿಯಾಗಿದೆ" ಎಂದು ಗಂಡ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವ್ಯಾನಿನಲ್ಲಿದ್ದ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು ಒಳಗೆ ಬಂದವು. ಮೊದಲು ಖಾಲಿ ಕ್ಯಾನು ತೂಗಿದರು, ಆಮೇಲೆ ತುಂಬಿದ್ದು. ನಡುವಿನ ವ್ಯತ್ಯಾಸ ಇಪ್ಪತ್ತಕ್ಕೆ ಸರಿಯಾಗಿ ಬಂದಾಗ ಮಾತ್ರ ಹೆಂಡತಿ ತಲೆಯಾಡಿಸಿದಳು. ಅವಳು ಹತ್ತಿದಳು, ಈ ಸಲ ಓಲೆಗಳನ್ನು ಹಾಕಿಕೊಂಡೇ. ಅರವತ್ತೇಳು. ಆ ಸಂಖ್ಯೆಯ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಫೋನು ಮೇಜಿನ ಮೇಲೆ ಕೂಗುತ್ತಿತ್ತು: "ಬರ್ತೀರೋ ಇಲ್ವೋ ಅಮ್ಮಾ? ದೋಣಿ ಇಡ್ಲೋ ಬೇಡ್ವೋ?"

"ಬರ್ತೀವಿ. ಹಿಂದೆ ನಾನು, ಅರವತ್ತೇಳು. ಎರಡೂ ಮೀಡಿಯಮ್ಮೇ ಇಡಿ. ಮುಂದಿನವರದ್ದು ಈಗ ಹೇಳ್ತೀನಿ."

ಅವನು ಹತ್ತಿದ. ಅವನ ಇಲಾಖೆಯ ಪರೀಕ್ಷಾಲಯದಲ್ಲಿ ಒಂದು ಪದ್ಧತಿ ಇದೆ: ತಕ್ಕಡಿ ಯಾರದ್ದೋ ಅವರು ಮುಳ್ಳನ್ನು ಓದಬಾರದು, ಇನ್ನೊಬ್ಬರು ಓದಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಅವನು ಕನ್ನಡಕ ತೆಗೆದು ಅಂಗಿಯ ಜೇಬಿನಲ್ಲಿಡಲು ಹೋಗಿ, ಅದರ ಭಾರವೂ ಬೇಡವೆಂದು ಭಾವಮೈದನ ಕೈಗೆ ಕೊಟ್ಟು, ಕಿಟಕಿಯ ಕಡೆ ನೋಡುತ್ತ ನಿಂತ. ಕಾಲಡಿಯಲ್ಲಿ ಸ್ಪ್ರಿಂಗು ಒಮ್ಮೆ ನರಳಿ ಸುಮ್ಮನಾಯಿತು. ಹೆಂಡತಿ ಅವನ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯನ್ನು ಅವನ ಪಾದದ ಮೇಲಿಟ್ಟು, ಮುಳ್ಳು ನಿಲ್ಲುವ ತನಕ ಕಾದಳು. ಆಮೇಲೆ ಫೋನಿನ ಕಡೆ ತಿರುಗಿ, ಆಚೆ ದಡಕ್ಕೂ ಕೇಳುವ ಹಾಗೆ ಹೇಳಿದಳು:

"ಅರವತ್ತೊಂದು ಕಿಲೋ, ಐನೂರು ಗ್ರಾಂ."